ಯೋಗಬೋಧನೆ: ಕಾಯಕವೋ, ವ್ಯಾಪಾರವೋ?

ವಿದ್ಯೆಯನ್ನು ಮಾರಬಾರದೆಂಬುದು ಈ ನಾಡಿನ ಹಳೆಯ ನಂಬಿಕೆ. ದುಡಿಯದೆ ಉಣ್ಣಬಾರದೆಂಬುದೂ ಈ ನಾಡಿನದೇ ನಂಬಿಕೆ. ಮೊದಲನೆಯದು ಗುರುಕುಲಗಳ ಕಾಲದಿಂದ ಹರಿದುಬಂದುದು. ಎರಡನೆಯದು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ನುಡಿದು, ನುಡಿದಂತೆ ನಡೆದು ತೋರಿಸಿದುದು. ಇವೆರಡೂ ತಮ್ಮ ತಮ್ಮ ಎಡೆಯಲ್ಲಿರುವವರೆಗೆ ಯಾರಿಗೂ ತೊಡಕಿಲ್ಲ. ಆದರೆ ಬೋಧನೆಯೇ ಒಬ್ಬರ ದುಡಿಮೆಯಾದಾಗ, ಅದರಲ್ಲಿಯೂ ಬೋಧಿಸುವ ವಿದ್ಯೆ ಯೋಗವೇ ಆದಾಗ, ಇವು ಎದುರುಬದುರಾಗಿ ನಿಲ್ಲುತ್ತವೆ. ಯೋಗವನ್ನು ಹೇಳಿಕೊಟ್ಟು ಹಣ ಪಡೆಯುವುದು ಧರ್ಮವೇ? ಪಡೆಯಬಹುದಾದರೆ ಆ ಹಣ ಯಾವುದಕ್ಕೆ ಸಲ್ಲುವ ಬೆಲೆ? ಎಲ್ಲಿಗೆ ಅದನ್ನು ನಿಲ್ಲಿಸಬೇಕು? ಅಂತರ್ಜಾಲದ ಮೂಲಕ ಮನೆಯಿಂದಲೇ ಯೋಗತರಗತಿಗಳನ್ನು ನಡೆಸಿ ಜೀವನ ಸಾಗಿಸುವವರು ಹೆಚ್ಚಿರುವ ಈ ದಿನಗಳಲ್ಲಿ ಇವು ಬರಿಯ ತರ್ಕದ ಪ್ರಶ್ನೆಗಳಾಗಿ ಉಳಿದಿಲ್ಲ.

ಮಂಡ್ಯದಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ಹನಕೆರೆ ಎಂಬ ಗ್ರಾಮವಿದೆ. ಕಬ್ಬು, ಭತ್ತ, ಹೈನುಗಳನ್ನು ನಂಬಿ ಬಾಳುವ ಸೀಮೆಯದು. ಅಂತಹ ಊರಿಗೆ ಸೊಸೆಯಾಗಿ ಬಂದ ಒಬ್ಬ ತರುಣಿಯನ್ನು ಊಹಿಸಿಕೊಳ್ಳಬಹುದು. ಅವಳು ಮೈಸೂರಿನಲ್ಲಿ ಯೋಗಶಾಸ್ತ್ರವನ್ನು ಕಲಿತವಳು. ಬೆಳಗಿನ ಆರು ಗಂಟೆಗೆ ನಡುಮನೆಯಲ್ಲಿ ಚಾಪೆ ಹಾಸಿ, ಮೊಬೈಲನ್ನು ಎದುರಿಗೆ ನಿಲ್ಲಿಸಿ, ಬೆಂಗಳೂರಿನ ಕೆಲವರಿಗೂ ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳ ಕೆಲವರಿಗೂ ಪಾಠ ಹೇಳುತ್ತಾಳೆ. ಇಲ್ಲಿ ಬೆಳಗಿನ ಆರಾದಾಗ ಬೇಸಗೆಯಲ್ಲಿ ಅಮೆರಿಕದ ಪೂರ್ವತೀರದಲ್ಲಿ ಹಿಂದಿನ ರಾತ್ರಿಯ ಎಂಟೂವರೆ. ದಿನದ ಕೆಲಸ ಮುಗಿಸಿದವರಿಗೂ ದಿನವನ್ನು ಆರಂಭಿಸುವವರಿಗೂ ಒಂದೇ ಪಾಠ ಒದಗುತ್ತದೆ. ಡೈರಿಗೆ ಹಾಲು ಹಾಕಿ, ಬರಿದಾದ ಕ್ಯಾನು ಹಿಡಿದು ಮನೆಗೆ ಬಂದ ಮಾವ ಒಂದು ದಿನ ಕೇಳುತ್ತಾರೆ: “ಏನವ್ವ, ಉಸಿರು ಎಳೆದು ಬಿಡೋದನ್ನ ಹೇಳಿಕೊಡೋಕೂ ದುಡ್ಡಾ?” ಸೊಸೆಯ ಉತ್ತರ ಸಿದ್ಧವಾಗಿದೆ: “ಹಾಲು ಕರೆದು ಹಾಕಿದರೆ ದುಡ್ಡು ಬರೋದು ಸರಿ ಅನ್ನೋದಾದ್ರೆ, ಇದು ಹೆಂಗೆ ತಪ್ಪಾಯ್ತದೆ ಮಾವ?”

ಇಬ್ಬರ ಮಾತೂ ತಳ್ಳಿಹಾಕತಕ್ಕದ್ದಲ್ಲ. ಆದರೆ ಸೊಸೆ ತಂದ ಹೋಲಿಕೆಯಲ್ಲಿ ಅವಳೇ ಗಮನಿಸದ ಒಂದು ಅಂಶವಿದೆ. ಡೈರಿಯಲ್ಲಿ ಹಾಲನ್ನು ಸುಮ್ಮನೆ ಕೊಳ್ಳುವುದಿಲ್ಲ. ಅದರ ಕೊಬ್ಬಿನ ಅಂಶವನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ನೀರು ಬೆರೆಸಿದರೆ ಅಲ್ಲಿಯೇ ಗೊತ್ತಾಗುತ್ತದೆ. ಕಾರ್ಖಾನೆಗೆ ಹೋಗುವ ಕಬ್ಬಿಗೂ ತೂಕದ ಸೇತುವೆಯುಂಟು. ಯೋಗಬೋಧನೆಗೆ ಅಂತಹ ಪರೀಕ್ಷಕನೂ ಇಲ್ಲ, ತಕ್ಕಡಿಯೂ ಇಲ್ಲ. ಕಲಿಯುವವನು ತಿಳಿಯದವನಾದುದರಿಂದಲೇ ಕಲಿಯಲು ಬಂದಿರುತ್ತಾನೆ. ತನಗೆ ದೊರೆತುದು ಹಾಲೋ ನೀರೋ ಎಂಬುದನ್ನು ಅವನು ಬಹುಕಾಲ ಅರಿಯಲಾರ. ಹೀಗಿರುವಲ್ಲಿ ಅಳೆಯುವ ಕೆಲಸವನ್ನೂ ಬೋಧಕನೇ ಮಾಡಿಕೊಳ್ಳಬೇಕಾಗುತ್ತದೆ. ಈ ವಿಚಾರದ ತಿರುಳೆಲ್ಲ ಇಲ್ಲಿಯೇ ಇದೆ.

ಮೊದಲು ಹಣದ ಮಾತನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಹಿಂದಿನವರು ಯೋಗವನ್ನು ಪುಕ್ಕಟೆಯಾಗಿ ಕಲಿಸುತ್ತಿದ್ದರು, ಇಂದಿನವರು ಮಾರುತ್ತಿದ್ದಾರೆ ಎಂದು ಹೇಳುವುದು ಸುಲಭ. ಮೈಸೂರಿನ ಇತಿಹಾಸ ಅದನ್ನು ಹಾಗೆಯೇ ಒಪ್ಪುವುದಿಲ್ಲ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದರು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವಿತ್ತು. ಆಚಾರ್ಯರ ಕುಟುಂಬದ ಅನ್ನ ಅರಮನೆಯಿಂದ ಬರುತ್ತಿತ್ತು. ರಾಜ್ಯವು ಸ್ವತಂತ್ರ ಭಾರತದಲ್ಲಿ ವಿಲೀನವಾಗಿ ಆ ಆಶ್ರಯ ತಪ್ಪಿದಾಗ 1950ರಲ್ಲಿ ಶಾಲೆಯೂ ಮುಚ್ಚಿತು. ಅವರು ಅನಂತರ ಮದರಾಸಿನಲ್ಲಿ ನೆಲೆಸಿ, ಅಲ್ಲಿ ಶಿಷ್ಯರಿಗೆ ಕಲಿಸುತ್ತ ಬಾಳಿದರು. ಅವರ ಶಿಷ್ಯರಾದ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋಗಿ, ಬಹಳ ಕಷ್ಟದಲ್ಲಿ ದಿನ ಕಳೆಯುತ್ತ, ಬೋಧನೆಯನ್ನೇ ಜೀವನೋಪಾಯ ಮಾಡಿಕೊಂಡರು. ಅವರ ಬದುಕಿನಲ್ಲಿ ಹಣ ಪಡೆದ ಕಾರಣಕ್ಕೆ ವಿದ್ಯೆ ಹೀನವಾಯಿತೆಂದು ಯಾರೂ ಹೇಳಲಾರರು. ದೊರೆಯ ಬೊಕ್ಕಸದಿಂದ ಬಂದರೆ ಗೌರವ, ಕಲಿಯುವವನ ಕೈಯಿಂದ ಬಂದರೆ ಅಗೌರವ ಎಂಬುದಕ್ಕೆ ಆಧಾರವಿಲ್ಲ.

ಪುಕ್ಕಟೆಯ ಬೋಧನೆಗೂ ಯಾರೋ ಒಬ್ಬರು ಬೆಲೆ ತೆರುತ್ತಲೇ ಇರುತ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳು ಊರೂರು ತಿರುಗಿ ಯೋಗಾಸನಗಳನ್ನು ಕಲಿಸಿದರು. ಕಲಿತವರಿಂದ ಬೆಲೆ ಬೇಡಲಿಲ್ಲ. ಆದರೆ ಆಶ್ರಮಕ್ಕಾಗಿ ಜನರ ಮುಂದೆ ಕೈಯೊಡ್ಡಿದರು. ‘ತಿರುಕ’ ಎಂಬುದನ್ನೇ ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡರು. 1996ರಲ್ಲಿ ಅವರು ದೇಹ ಬಿಡುವವರೆಗೂ ಆ ಜೋಳಿಗೆ ಕೆಳಗಿಳಿಯಲಿಲ್ಲ. ಸಂನ್ಯಾಸಿಗೆ ಅದು ಭೂಷಣ. ಹೊಲವನ್ನೂ ಹಸುವನ್ನೂ ನಂಬಿದ ಮನೆಯ ಸೊಸೆ, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವಳು, ಅದೇ ಜೋಳಿಗೆಯನ್ನು ಹೊರಬೇಕೆನ್ನುವುದು ನ್ಯಾಯವಲ್ಲ. ಹೊರದಿದ್ದರೆ ಅವಳು ಪುಕ್ಕಟೆಯಾಗಿ ಕಲಿಸುವುದರ ಬೆಲೆಯನ್ನು ಅವಳ ಮಾವನ ಬೆನ್ನು ತೆರಬೇಕಾಗುತ್ತದೆ. ಮತ್ತೊಬ್ಬರ ದುಡಿಮೆಯ ಮೇಲೆ ತಾನು ದಾನಿಯೆನಿಸಿಕೊಳ್ಳುವುದನ್ನು ಶರಣರು ಮೆಚ್ಚಿದವರಲ್ಲ. ಆದುದರಿಂದ ದುಡಿಮೆಗೆ ತಕ್ಕ ಹಣವನ್ನು ನಾಚಿಕೆಯಿಲ್ಲದೆ ಕೇಳಿ ಪಡೆಯುವುದು ದೋಷವಲ್ಲ. ಅದು ಕಾಯಕದ ಒಂದು ಅಂಗ.

ಹಣ ಪಡೆಯಬಹುದೆಂದಾದ ಮೇಲೆ, ಆ ಹಣ ಯಾವುದರ ಬೆಲೆ ಎಂಬುದನ್ನು ನಿರ್ಧರಿಸಬೇಕು. ಆಸನಗಳ ಹೆಸರುಗಳಿಗೆ ಬೆಲೆಯಿಲ್ಲ. ಅವು ಪುಸ್ತಕಗಳಲ್ಲಿವೆ, ಯಾರ ಸ್ವತ್ತೂ ಅಲ್ಲ. ಪ್ರಾಣಾಯಾಮದ ಕ್ರಮಕ್ಕೂ ಬೆಲೆಯಿಲ್ಲ. ಶಾಂತಿಗೆ ಬೆಲೆ ಕಟ್ಟಲು ಅದು ಬೋಧಕನ ಕೈಯಲ್ಲಿರುವ ವಸ್ತುವೇ ಅಲ್ಲ. ಬೋಧಕನು ನಿಜವಾಗಿ ಕೊಡುವುದು ಎರಡನ್ನು: ತನ್ನ ಹೊತ್ತನ್ನು, ತನ್ನ ಕಣ್ಣನ್ನು. ಮೈಸೂರಿನಲ್ಲಿ 1948ರಲ್ಲಿ ಯೋಗಶಾಲೆ ತೆರೆದ ಪಟ್ಟಾಭಿ ಜೋಯಿಸರ ಬೋಧನಾಕ್ರಮ ‘ಮೈಸೂರು ಶೈಲಿ’ ಎಂದೇ ಜಗತ್ತಿನಲ್ಲಿ ಹೆಸರಾಯಿತು. ಅದರ ವಿಶೇಷವೇನೆಂದರೆ, ಕೊಠಡಿಯಲ್ಲಿ ಎಲ್ಲರೂ ಒಟ್ಟಿಗೆ ಇದ್ದರೂ ಒಬ್ಬೊಬ್ಬರೂ ತಮ್ಮ ತಮ್ಮ ಉಸಿರಿನ ಗತಿಗೆ ಅನುಸಾರವಾಗಿ ಅಭ್ಯಾಸ ಮಾಡುತ್ತಾರೆ. ಗುರು ಅವರ ನಡುವೆ ಓಡಾಡುತ್ತ ಒಬ್ಬೊಬ್ಬರನ್ನೂ ನೋಡಿ ತಿದ್ದುತ್ತಾನೆ. ದೂರದೇಶಗಳಿಂದ ಜನ ಹಣ ತೆತ್ತು ಬಂದುದು ಆ ನೋಟಕ್ಕಾಗಿ.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಆ ಕೊಠಡಿಗಳೂ ಮುಚ್ಚಿದವು. ಬೋಧಕರು ಝೂಮ್‌ನಂತಹ ಸಾಧನಗಳನ್ನು ಹಿಡಿದರು. ಅದು ಆಪತ್ಕಾಲದ ಉಪಾಯವಾಗಿ ಹೆಚ್ಚಿ, ಆಪತ್ತು ಕಳೆದ ಮೇಲೆ ವೃತ್ತಿಯಾಗಿ ನಿಂತಿತು. ಊರಿನಲ್ಲಿದ್ದೇ ಊರಾಚೆಯವರಿಗೆ ಕಲಿಸಬಹುದೆಂಬುದು ಹಳ್ಳಿಯ ಹೆಣ್ಣುಮಕ್ಕಳಿಗೆ ಸಣ್ಣ ಲಾಭವಲ್ಲ. ಕೊಠಡಿಯ ಬಾಡಿಗೆಯಿಲ್ಲ, ಬಸ್ಸಿನ ಪ್ರಯಾಣವಿಲ್ಲ, ಮನೆಯ ಕೆಲಸಕ್ಕೂ ಧಕ್ಕೆಯಿಲ್ಲ. ಬಂಡವಾಳವೆಂದರೆ ಒಂದು ಒಳ್ಳೆಯ ಮೊಬೈಲು ಅಥವಾ ಗಣಕಯಂತ್ರ, ನಂಬಬಹುದಾದ ಅಂತರ್ಜಾಲ ಸಂಪರ್ಕ, ಕರೆಂಟು ಹೋದಾಗ ಕೈಹಿಡಿಯುವ ಬ್ಯಾಟರಿ, ಮುಖದ ಕಡೆಯಿಂದ ಬೀಳುವ ಬೆಳಕು, ತಲೆಯಿಂದ ಪಾದದವರೆಗೆ ಕಾಣುವಷ್ಟು ಸ್ಥಳ. ಇಷ್ಟನ್ನು ಹೊಂದಿಸುವುದು ಕಷ್ಟವಲ್ಲ. ಕಷ್ಟವಿರುವುದು ಕಣ್ಣಿನ ವಿಷಯದಲ್ಲಿ.

ಇದನ್ನು ಲೆಕ್ಕದಲ್ಲಿಯೇ ನೋಡಬಹುದು. ತಿಂಗಳಿಗೆ 600 ರೂಪಾಯಿಯಂತೆ 20 ಮಂದಿ ಸೇರಿದರೆ 12,000 ರೂಪಾಯಿ. 60 ನಿಮಿಷಗಳ ಪಾಠವನ್ನು ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬೋಧಕಿಯ ದೃಷ್ಟಿ ಮೂರು ನಿಮಿಷ. ಅದೇ ಪಾಠಕ್ಕೆ 200 ಮಂದಿ ಸೇರಿದರೆ 1,20,000 ರೂಪಾಯಿ. ಒಬ್ಬೊಬ್ಬರ ಪಾಲಿಗೆ ಹದಿನೆಂಟು ಸೆಕೆಂಡು. ಅದೇ ಚಾಪೆ, ಅದೇ ಗಂಟೆ, ಅದೇ ಕಂಠ. ಬೋಧಕಿಯ ಶ್ರಮ ಹೆಚ್ಚಲಿಲ್ಲ, ವರಮಾನ ಹತ್ತುಪಟ್ಟಾಯಿತು. ಗಣಕಯಂತ್ರದ ತೆರೆಯ ಒಂದು ಪುಟದಲ್ಲಿ 25 ಮುಖಗಳು, ಹೆಚ್ಚೆಂದರೆ 49 ಮುಖಗಳು ಕಾಣುತ್ತವೆ. ಉಳಿದವರು ಹಿಂದಿನ ಪುಟಗಳಲ್ಲಿ ಮರೆಯಾಗಿರುತ್ತಾರೆ. ಅವರಲ್ಲಿ ಒಬ್ಬರು ಕುತ್ತಿಗೆಯನ್ನು ತಪ್ಪಾಗಿ ತಿರುಗಿಸಿಕೊಂಡು ಸರ್ವಾಂಗಾಸನದಲ್ಲಿ ನಿಂತಿದ್ದರೂ ಗೊತ್ತಾಗುವುದಿಲ್ಲ. ಆದರೆ ಅವರೆಲ್ಲರೂ ತೆತ್ತಿರುವುದು ನೋಡುವ ಕಣ್ಣಿನ ಬೆಲೆಯನ್ನೇ. ಡೈರಿಯ ಭಾಷೆಯಲ್ಲಿ ಹೇಳುವುದಾದರೆ ಹಾಲಿಗೆ ನೀರು ಬಿದ್ದಿದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕವೆಂದರೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಬಸವಣ್ಣನವರ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಮಾರಯ್ಯ ಅದನ್ನೆಲ್ಲ ಆಯ್ದು ಮನೆಗೆ ತಂದ. ಅವನು ಕದಿಯಲಿಲ್ಲ; ಯಾರನ್ನೂ ವಂಚಿಸಲಿಲ್ಲ; ನೆಲದ ಮೇಲಿದ್ದುದನ್ನು ಬೆನ್ನು ಬಾಗಿಸಿ ಆಯ್ದ. ಆದರೂ ಲಕ್ಕಮ್ಮ ಆ ಹೆಚ್ಚಿನ ಅಕ್ಕಿಯನ್ನು ಒಳಗೆ ತರಗೊಡಲಿಲ್ಲ. ಅದು ತಮ್ಮದಲ್ಲವೆಂದು, ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಈ ಕಥೆಯನ್ನು ಬಡತನದ ಹೊಗಳಿಕೆಯೆಂದು ಓದುವುದು ವಾಡಿಕೆ. ಹಾಗೆ ಓದಿದರೆ ಅದರ ಮೊನೆ ಮೊಂಡಾಗುತ್ತದೆ. ಲಕ್ಕಮ್ಮ ಅಕ್ಕಿಯನ್ನು ಹಳಿಯಲಿಲ್ಲ; ದಿನದಿನವೂ ಅದನ್ನೇ ಅಟ್ಟು ಬಡಿಸಿದವಳು ಅವಳು. ಅವಳು ಕೇಳಿದುದು ಒಂದೇ: ಬಂದ ಅಕ್ಕಿಗೂ ಕಾಯಕಕ್ಕೂ ಇದ್ದ ನಂಟು ಇನ್ನೂ ಉಳಿದಿದೆಯೇ? ಆ ನಂಟು ಕಡಿದು ಹೋದೆಡೆಯಲ್ಲಿ ಆಯ್ದುದೂ ಆಸೆಯೇ ಆಗುತ್ತದೆ.

ಅದೇ ಅಳತೆ ಇಲ್ಲಿಯೂ ಸಲ್ಲುತ್ತದೆ. ಇಪ್ಪತ್ತೇ ಇರಬೇಕು, ಮೂವತ್ತಾಗಬಾರದು ಎಂದು ಹೊರಗಿನಿಂದ ಯಾರೂ ವಿಧಿಸಬೇಕಾಗಿಲ್ಲ. ತಾನು ಎಷ್ಟು ಮಂದಿಯನ್ನು ನಿಜವಾಗಿ ನೋಡಬಲ್ಲೆನೆಂಬುದು ಬೋಧಕನಿಗೇ ಗೊತ್ತು. ಅಷ್ಟರವರೆಗೆ ಬಂದ ಹಣ ಕಾಯಕದ್ದು. ಅದರಾಚೆಗೆ ಸೇರಿಸಿಕೊಂಡ ಪ್ರತಿಯೊಬ್ಬನ ಹಣವೂ, ಅವನು ಸಂತೋಷದಿಂದಲೇ ಕೊಟ್ಟಿದ್ದರೂ, ಅಂಗಳದ ಹೆಚ್ಚಿನ ಅಕ್ಕಿ. ಜನ ಹೆಚ್ಚಿದರೆ ಮತ್ತೊಂದು ಗಂಟೆಯನ್ನು ತೆರೆಯಬಹುದು. ಬಲ್ಲ ಮತ್ತೊಬ್ಬರನ್ನು ಜೊತೆಗೆ ಕರೆದುಕೊಂಡು ಅವರಿಗೆ ತಕ್ಕ ಸಂಬಳ ಕೊಡಬಹುದು. ವ್ಯವಹಾರ ಬೆಳೆಯಬಾರದೆಂದಲ್ಲ; ಕಣ್ಣುಗಳು ಬೆಳೆಯದೆ ಅದು ಬೆಳೆಯಬಾರದು.

ಇದಕ್ಕೆ ಒಂದು ಆಕ್ಷೇಪವುಂಟು. ಪಾಠವನ್ನು ಒಮ್ಮೆ ಚಿತ್ರೀಕರಿಸಿಟ್ಟು ಅದನ್ನು ಸಾವಿರ ಜನಕ್ಕೆ ಮಾರಿದರೆ ತಪ್ಪೇನು? ಪುಸ್ತಕ ಬರೆದವರು ಅದನ್ನೇ ಮಾಡಿದರಲ್ಲವೇ? ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿಯೇ ‘ಯೋಗ ಮಕರಂದ’ವನ್ನು ಪ್ರಕಟಿಸಿದರು; ಅಯ್ಯಂಗಾರರ ‘ಲೈಟ್ ಆನ್ ಯೋಗ’ 1966ರಲ್ಲಿ ಹೊರಬಂದು ದೇಶವಿದೇಶಗಳ ಮನೆಗಳನ್ನು ಸೇರಿತು. ಆ ಪುಸ್ತಕಗಳು ಓದುವವನನ್ನು ನೋಡಲಿಲ್ಲ. ಆಕ್ಷೇಪ ಸರಿಯಾದುದೇ, ಉತ್ತರವೂ ಅದರಲ್ಲಿಯೇ ಇದೆ. ಪುಸ್ತಕವು ತಾನು ಪುಸ್ತಕವೆಂದು ಹೇಳಿಕೊಂಡೇ ಬರುತ್ತದೆ. ಚಿತ್ರೀಕರಿಸಿದ ಪಾಠವೂ ಹಾಗೆಯೇ ಹೇಳಿಕೊಂಡು, ಪುಸ್ತಕದ ಬೆಲೆಗೆ ಬಂದರೆ ಆಕ್ಷೇಪಿಸುವುದಕ್ಕೆ ಏನೂ ಇಲ್ಲ; ಅದನ್ನು ಸಿದ್ಧಪಡಿಸಿದ ಶ್ರಮಕ್ಕೆ ಅದು ಸಲ್ಲುತ್ತದೆ. ಕಾಯಕವೆಂಬ ಪದದೊಳಗೆ ಕಾಯವಿದೆ. ಕಾಯ ಎದುರಿಗಿಲ್ಲದೆಡೆಯಲ್ಲಿ ‘ಗುರುಗಳ ಮಾರ್ಗದರ್ಶನ’ ಎಂಬ ಹೆಸರಿಟ್ಟು, ಗುರುವಿನ ಬೆಲೆ ಕಟ್ಟಿ, ನೆರಳನ್ನು ಮಾರುವುದು ಮಾತ್ರ ಸುಳ್ಳು.

ಸಂಖ್ಯೆಯ ಆಸೆಗಿಂತ ಸೂಕ್ಷ್ಮವಾದುದು ಮಾತಿನ ಆಸೆ. ವಿಶ್ವಸಂಸ್ಥೆ 2014ರಲ್ಲಿ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಘೋಷಿಸಿದ ಮೇಲೆ ಯೋಗದ ಹೆಸರು ಎಲ್ಲರ ಬಾಯಲ್ಲಿದೆ. ಹೆಸರಿದ್ದೆಡೆಯಲ್ಲಿ ಸ್ಪರ್ಧೆಯುಂಟು, ಸ್ಪರ್ಧೆಯಿದ್ದೆಡೆಯಲ್ಲಿ ಭರವಸೆಗಳು ಉಬ್ಬುತ್ತವೆ. ಇಷ್ಟು ದಿನಗಳಲ್ಲಿ ಮಧುಮೇಹ ಮಾಯ, ಅಷ್ಟು ದಿನಗಳಲ್ಲಿ ಥೈರಾಯ್ಡ್ ಗುಣ, ಗುಳಿಗೆಗಳನ್ನು ಬಿಸಾಡಿರಿ ಎಂಬ ಮಾತುಗಳು ಬರುತ್ತವೆ. ಅಭ್ಯಾಸದಿಂದ ದೇಹ ಹಗುರಾಗುವುದು, ನಿದ್ರೆ ಹಿತವಾಗುವುದು, ಮನಸ್ಸು ನೆಲೆಗೊಳ್ಳುವುದು ಅನೇಕರ ಅನುಭವ. ಆದರೆ ವೈದ್ಯರು ಕೊಟ್ಟ ಔಷಧವನ್ನು ಬಿಡಿಸುವ ಅಧಿಕಾರ ಯೋಗಬೋಧಕನಿಗಿಲ್ಲ. ಅಧಿಕ ರಕ್ತದೊತ್ತಡವುಳ್ಳವರಿಗೂ ಕಣ್ಣಿನ ಒತ್ತಡದ ವ್ಯಾಧಿಯಾದ ಗ್ಲಾಕೋಮಾ ಇರುವವರಿಗೂ ಶೀರ್ಷಾಸನ ಅಪಾಯಕರ. ಗರ್ಭಿಣಿಯರಿಗೆ ಕಪಾಲಭಾತಿ ಸಲ್ಲದು. ಬೆನ್ನೆಲುಬಿನ ಬಿಲ್ಲೆ ಸರಿದವರು ಮುಂದಕ್ಕೆ ಬಾಗುವ ಆಸನಗಳಲ್ಲಿ ಎಚ್ಚರದಿಂದಿರಬೇಕು. ಸೇರಿಸಿಕೊಳ್ಳುವ ಮೊದಲು ಇವನ್ನೆಲ್ಲ ಒಬ್ಬೊಬ್ಬರನ್ನೂ ವಿಚಾರಿಸಿ ಬರೆದಿಟ್ಟುಕೊಳ್ಳುವುದು, ತಕ್ಕದ್ದಲ್ಲವೆಂದು ಕಂಡರೆ ಹಣವನ್ನು ಮುಟ್ಟದೆ ವೈದ್ಯರ ಬಳಿಗೆ ಕಳುಹಿಸುವುದು, ಇದು ಬೋಧಕನ ಮೊದಲನೆಯ ಆಚಾರ. ತಪ್ಪು ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಅಪರಾಧವೆಂದು ಎಣಿಸುತ್ತದೆ. ಆದರೆ ಶರಣರ ದಾರಿಯಲ್ಲಿ ನಡೆಯುವವನಿಗೆ ಕಾಯಿದೆ ಬಂದು ತಡೆಯುವವರೆಗೆ ಕಾಯಬೇಕಾಗಿಲ್ಲ.

ದೇಹಸಾಧನೆಯನ್ನೇ ಯೋಗದ ಕೊನೆಯೆಂದು ಹೇಳಿ ಮಾರುವುದೂ ಉಬ್ಬಿದ ಭರವಸೆಯೇ. ಗೋರಕ್ಷನು ಯೋಗಬಲದಿಂದ ವಜ್ರದಂತಹ ದೇಹವನ್ನು ಪಡೆದಿದ್ದ. ಅಲ್ಲಮಪ್ರಭುವಿನ ಎದುರಿಗೆ ಅವನ ಮೈಗೆ ಖಡ್ಗದಿಂದ ಹೊಡೆದಾಗ ಖಣಿಲೆಂಬ ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ. ಅದೇ ಖಡ್ಗವನ್ನು ಗೋರಕ್ಷನು ಪ್ರಭುವಿನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಹಾಯ್ದಂತೆ ಹಾಯ್ದುಹೋಯಿತು. ಸದ್ದಾದುದು ಯಾವುದು, ಸದ್ದಿಲ್ಲದುದು ಯಾವುದು ಎಂಬುದನ್ನು ಕಂಡ ಗೋರಕ್ಷ ತಲೆಬಾಗಿದ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ‘ಶೂನ್ಯಸಂಪಾದನೆ’ಯಲ್ಲಿಯೂ ಬರುವ ಈ ಪ್ರಸಂಗವು ಆಸನಗಳನ್ನು ಹಳಿಯುವುದಕ್ಕಾಗಿ ಹುಟ್ಟಿದುದಲ್ಲ, ಅವುಗಳ ಎಲ್ಲೆಯನ್ನು ತೋರಿಸುವುದಕ್ಕಾಗಿ ಹುಟ್ಟಿದುದು. ಬೆಳಗಿನ ಒಂದು ಗಂಟೆಯ ಪಾಠದಲ್ಲಿ ಮೈಯ ವ್ಯಾಯಾಮವುಂಟು, ಉಸಿರಿನ ಶಿಸ್ತುಂಟು. ಅದು ಒಳ್ಳೆಯದು, ಅದಕ್ಕೆ ಆ ಹೆಸರೇ ಸಾಕು. ಅದನ್ನು ಶಿವಯೋಗವೆಂದೋ ಮೋಕ್ಷದ ಮೆಟ್ಟಿಲೆಂದೋ ಕರೆದು ಶುಲ್ಕವನ್ನು ಏರಿಸುವುದು ಸಲ್ಲದು. ಒಳಗಿನ ಅರಿವಿಗೆ ತಿಂಗಳ ಶುಲ್ಕವಿಲ್ಲ.

ಇನ್ನು ದಾಸೋಹದ ಮಾತು. ಕಾಯಕವು ಸಂಪಾದನೆಯಲ್ಲಿ ಮುಗಿಯುವುದಿಲ್ಲ, ದಾಸೋಹದಲ್ಲಿ ಪೂರ್ಣವಾಗುತ್ತದೆ. ಇಪ್ಪತ್ತು ಮಂದಿಯಲ್ಲಿ ಎರಡು ಸ್ಥಾನಗಳನ್ನು ಶುಲ್ಕ ಕೊಡಲಾರದವರಿಗಾಗಿ ಇಟ್ಟು, ಅವರಾರೆಂಬುದು ಉಳಿದವರಿಗೆ ತಿಳಿಯದಂತೆ ನಡೆದುಕೊಳ್ಳಬಹುದು. ಕಬ್ಬು ಕಡಿದು, ನಾಟಿ ಹಾಕಿ ಸೊಂಟ ಹಿಡಿದ ತನ್ನದೇ ಊರಿನ ಹೆಂಗಸರಿಗೆ ವಾರಕ್ಕೊಂದು ಸಂಜೆ ಬೆನ್ನು ನೀಡುವ ನಾಲ್ಕು ಕ್ರಮಗಳನ್ನು ಕಲಿಸಬಹುದು. ಆದರೆ ದಾಸೋಹಕ್ಕೂ ಆಮಿಷಕ್ಕೂ ಇರುವ ಅಂತರವನ್ನು ಮರೆಯಬಾರದು. ಮೂರು ದಿನ ಪುಕ್ಕಟೆಯಾಗಿ ಕಲಿಸಿ, ನಾಲ್ಕನೆಯ ದಿನ ‘ಇಂದೇ ಸೇರಿರಿ, ನಾಳೆ ಬೆಲೆ ಏರುತ್ತದೆ’ ಎಂದು ಅವಸರಪಡಿಸುವುದು ದಾಸೋಹವಲ್ಲ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಒಂದು ದಿನದ ಪಾಠವನ್ನು ನೋಡಿ ತೀರ್ಮಾನಿಸಿರೆಂದು ನೇರವಾಗಿ ಹೇಳುವುದರಲ್ಲಿ ದೋಷವಿಲ್ಲ. ಅದನ್ನು ಸೇವೆಯೆಂದು ಕರೆಯುವುದರಲ್ಲಿ ದೋಷವಿದೆ. ಸರ್ಕಾರದ ಕಾನೂನು ಕೂಡ ಈ ಎರಡನ್ನೂ ಬೇರ್ಪಡಿಸಿದೆ. 2015ರ ತಿದ್ದುಪಡಿಯು ಯೋಗವನ್ನು ಆದಾಯ ತೆರಿಗೆಯ ಕಾನೂನಿನಲ್ಲಿ ಧರ್ಮಾರ್ಥ ಉದ್ದೇಶಗಳ ಸಾಲಿಗೆ ಸೇರಿಸಿತು. ಲಾಭಕ್ಕಾಗಿ ನಡೆಸುವವನು ಮಾತ್ರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಸರಕು ಮತ್ತು ಸೇವಾ ತೆರಿಗೆಗೆ ನೋಂದಾಯಿಸಿಕೊಳ್ಳಬೇಕು. ವ್ಯವಹಾರ ಮಾಡುವವನು ವ್ಯವಹಾರಿಯೆಂದೇ ಲೆಕ್ಕ ಒಪ್ಪಿಸುವುದು ಮರ್ಯಾದೆ. ತೆರಿಗೆಯನ್ನು ತಪ್ಪಿಸುವುದಕ್ಕಾಗಿ ಧರ್ಮದ ಹೊದಿಕೆ ಹೊದೆಯುವವನು ಎರಡನ್ನೂ ಕೆಡಿಸುತ್ತಾನೆ.

ಇಷ್ಟೆಲ್ಲ ಕಟ್ಟುಪಾಡುಗಳಿಗೆ ಒಳಗಾದವಳು ಸ್ಪರ್ಧೆಯಲ್ಲಿ ಉಳಿಯಬಲ್ಲಳೇ ಎಂಬ ಸಂಶಯ ಏಳುವುದು ಸಹಜ. ಇನ್ನೂರು ಜನರನ್ನು ಸೇರಿಸಿಕೊಂಡವನು 200 ರೂಪಾಯಿಗೆ ಪಾಠ ಮಾರಬಲ್ಲ. ಇಪ್ಪತ್ತಕ್ಕೆ ನಿಲ್ಲಿಸಿದವಳು ಹೆಚ್ಚು ಕೇಳಬೇಕಾಗುತ್ತದೆ, ಕೆಲವರು ಅವಳನ್ನು ಬಿಟ್ಟು ಅಗ್ಗದೆಡೆಗೆ ಹೋಗುತ್ತಾರೆ. ಇದು ನಿಜವಾದ ನಷ್ಟ. ಧರ್ಮದ ಮಾತಿನಿಂದ ಅದನ್ನು ಮುಚ್ಚಿಡಬಾರದು. ಲಕ್ಕಮ್ಮನ ಮನೆಯಲ್ಲಿಯೂ ಆ ದಿನ ಅಕ್ಕಿ ಕಡಿಮೆಯೇ ಆಯಿತು. ಆದರೆ ಅವಳು ಕೊಡುವುದು ಅಗ್ಗದವನು ಕೊಡುವ ವಸ್ತುವಲ್ಲ. ಮಂಡಿಯ ನೋವನ್ನು ಕೇಳಿ ತಿಳಿದು ಆಸನವನ್ನು ಬದಲಿಸಿಕೊಟ್ಟವಳನ್ನು, ಎರಡು ದಿನ ಬರದಿದ್ದರೆ ಏಕೆಂದು ವಿಚಾರಿಸಿದವಳನ್ನು ಕಲಿಯುವವರು ಬೇಗ ಬಿಡುವುದಿಲ್ಲ. ಸಿರಿವಂತಿಕೆ ಬರುವುದೆಂದು ಹೇಳಲಾಗದು. ಉಂಡ ಅನ್ನ ತನ್ನದೆಂಬ ನೆಮ್ಮದಿ ಬರುವುದೆಂದು ಹೇಳಬಹುದು.

ಹನಕೆರೆಯ ಆ ಮನೆಗೆ ಮತ್ತೆ ಬಂದರೆ, ಮಾವನ ಪ್ರಶ್ನೆಗೆ ಸೊಸೆ ಕೊಡಬಹುದಾದ ಉತ್ತರ ಈಗ ಬೇರೆಯಾಗುತ್ತದೆ. ಉಸಿರನ್ನು ಹೇಳಿಕೊಡುವುದಕ್ಕೆ ದುಡ್ಡಲ್ಲ. ಆ ಉಸಿರು ತಪ್ಪಿದಾಗ ನೋಡಿ ತಿದ್ದುವುದಕ್ಕೆ ದುಡ್ಡು. ನೋಡದಿದ್ದರೆ ದುಡ್ಡಿಲ್ಲ. ಇದು ಮಾವನಿಗೆ ಅರ್ಥವಾಗದ ಮಾತಲ್ಲ. ಹಾಲು ಕಡಿಮೆಯಾದ ದಿನಗಳಲ್ಲಿಯೂ ಕ್ಯಾನಿಗೆ ನೀರು ಬೆರೆಸದೆ ಕಡಿಮೆ ಹಾಲನ್ನೇ ಡೈರಿಗೆ ಹಾಕಿ ಬಂದವರು ಅವರು. ಅಲ್ಲಿ ಪರೀಕ್ಷೆಯ ಯಂತ್ರವಿತ್ತು; ಸೊಸೆಯ ಚಾಪೆಯ ಮುಂದೆ ಅದಿಲ್ಲ. ಆದುದರಿಂದ ಅವಳ ಕಾಯಕ ಮಾವನ ಕಾಯಕಕ್ಕಿಂತ ಕಠಿನವಾದುದು. ಆ ಯಂತ್ರವನ್ನು ಅವಳು ತನ್ನ ಅಂತಃಕರಣದಲ್ಲಿಯೇ ಇಟ್ಟುಕೊಂಡು ದಿನದಿನವೂ ನೋಡಿಕೊಳ್ಳಬೇಕು. ಹಾಗೆ ನೋಡಿಕೊಳ್ಳುವವರೆಗೆ ಅವಳ ಯೋಗಬೋಧನೆ ಕಾಯಕ. ನೋಡಿಕೊಳ್ಳುವುದನ್ನು ಬಿಟ್ಟ ದಿನ, ಶುಲ್ಕ ಒಂದೇ ಆಗಿದ್ದರೂ, ಪಾಠ ಅದೇ ಆಗಿದ್ದರೂ, ಅದು ಬರಿಯ ವ್ಯಾಪಾರ.